ಅಬ್ಬೆ ದ ಲೆಪೇಯವರ ಶಾಲೆ: ಕಿವುಡ ಮಕ್ಕಳ ಸಂಸ್ಥೆಯೊಂದರ ನಾಯಕತ್ವದ ಚರಿತ್ರೆ

ಶತಮಾನೋತ್ಸವದ ಸಂಚಿಕೆಗಳಲ್ಲಿ ಅಡಿಗಲ್ಲನ್ನಿಟ್ಟವರ, ಗಂಟೆಗೋಪುರವನ್ನು ಕಟ್ಟಿಸಿದವರ, ಭೂದಾನ ಮಾಡಿದ ಮನೆತನಗಳ ಹೆಸರುಗಳನ್ನು ಸ್ಮರಿಸುವುದು ವಾಡಿಕೆಯೂ ಹೌದು, ಕರ್ತವ್ಯವೂ ಹೌದು. ಆದರೆ ಸಂಸ್ಥೆಗಳ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದವರಿಗೆ ಇನ್ನೊಂದು ಪ್ರಶ್ನೆಯು ಎದುರಾಗದೆ ಇರದು. ಸ್ಥಾಪಕರು ಕಣ್ಮುಚ್ಚಿದ ಮರುದಿನ ಚುಕ್ಕಾಣಿ ಯಾರ ಕೈಗೆ ಹೋಯಿತು? ಯಾರ ಹಿತಕ್ಕಾಗಿ ಆ ಸಂಸ್ಥೆಯು ಹುಟ್ಟಿತೋ ಅವರ ಕೈಗೆ ಅದು ಎಂದಾದರೂ ಬಂದಿತೆ? ಅನಾಥಾಲಯ, ಕುಷ್ಠಧಾಮ, ವೃದ್ಧಾಶ್ರಮ, ಯಾವುದನ್ನು ಕುರಿತಾದರೂ ಹೀಗೆ ಕೇಳಬಹುದು. ಕಿವಿ ಕೇಳಿಸದ ಮಕ್ಕಳ ಶಾಲೆಗಳ ಚರಿತ್ರೆಯಲ್ಲಂತೂ ಈ ಪ್ರಶ್ನೆಯು ಎರಡೂಕಾಲು ಶತಮಾನಗಳ ಕಾಲ ಬಿಡದೆ ಕಾಡಿದೆ. ಆ ಚರಿತ್ರೆಯು ಆರಂಭವಾಗುವುದು ಒಬ್ಬ ಕಥೋಲಿಕ ಯಾಜಕರ ಮನೆಯಲ್ಲಿ.

ಅವರ ಹೆಸರು ಷಾರ್ಲ್ ಮಿಷೆಲ್ ದ ಲೆಪೇ. ಜಗತ್ತು ಅವರನ್ನು ಅರಿತಿರುವುದು 'ಅಬ್ಬೆ ದ ಲೆಪೇ' ಎಂಬ ಹೆಸರಿನಿಂದ. ಫ್ರೆಂಚರು ಯಾಜಕರನ್ನು ಗೌರವದಿಂದ ಕರೆಯುವ 'ಅಬ್ಬೆ' ಎಂಬ ಈ ಶಬ್ದವು, ಯೇಸುಸ್ವಾಮಿಯು ಪ್ರಾರ್ಥನೆಯಲ್ಲಿ ಬಳಸಿದ 'ಅಬ್ಬಾ' ಎಂಬ ಅರಮಾಯಿಕ ಶಬ್ದದಿಂದ ಬಂದದ್ದು. ತಂದೆ ಎಂದು ಅರ್ಥ. ನಮ್ಮ ಹಳಗನ್ನಡದಲ್ಲಿಯೋ 'ಅಬ್ಬೆ' ಎಂದರೆ ತಾಯಿ. ಆ ಮಕ್ಕಳ ಪಾಲಿಗೆ ಅವರು ಎರಡೂ ಆಗಿದ್ದರಾದುದರಿಂದ ಕನ್ನಡಿಗರು ಈ ಹೆಸರನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಳ್ಳುವುದು ಒಳಿತು.

ಅವರು 1712ರ ನವೆಂಬರಿನಲ್ಲಿ ವರ್ಸಾಯ್‌ನಲ್ಲಿ ಹುಟ್ಟಿದರು. ತಂದೆ ಅರಸನ ಕಟ್ಟಡಗಳ ಕೆಲಸದಲ್ಲಿದ್ದವರು, ಮನೆಯಲ್ಲಿ ಬಡತನವಿರಲಿಲ್ಲ. ಹುಡುಗನಿಗೆ ಯಾಜಕನಾಗಬೇಕೆಂಬ ಹಂಬಲ. ಆದರೆ ಆ ಕಾಲದ ಫ್ರಾನ್ಸಿನ ಧರ್ಮಸಭೆಯು ಜಾನ್ಸೆನ್‌ವಾದದ ವಿವಾದದಲ್ಲಿ ಬೆಂದುಹೋಗಿತ್ತು. ಆ ವಾದವನ್ನು ಖಂಡಿಸುವ ಪ್ರತಿಜ್ಞಾಪತ್ರಕ್ಕೆ ರುಜು ಹಾಕಲು ಯುವಕನು ಒಪ್ಪಲಿಲ್ಲವಾಗಿ ದೀಕ್ಷೆಯ ಬಾಗಿಲು ಮುಚ್ಚಿತು. ಕಾನೂನನ್ನು ಓದಿ ವಕೀಲನಾದದ್ದೂ ಆಯಿತು; ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕೊನೆಗೆ ತ್ರುವಾ ಪ್ರಾಂತ್ಯದ ಧರ್ಮಾಧ್ಯಕ್ಷರು ಅವರಿಗೆ ಯಾಜಕದೀಕ್ಷೆಯನ್ನು ಕೊಟ್ಟರು. ಆ ಧರ್ಮಾಧ್ಯಕ್ಷರು ತೀರಿಕೊಂಡ ಮೇಲೆ, ಪ್ಯಾರಿಸಿನ ಮಹಾಧರ್ಮಾಧ್ಯಕ್ಷರಾಗಿದ್ದ ಕ್ರಿಸ್ತೋಫ್ ದ ಬೋಮೋನ್ ಅವರು ಹಳೆಯ ಶಂಕೆಯನ್ನೇ ಹಿಡಿದು, ಉಪದೇಶ ಮಾಡುವ ಮತ್ತು ಪಾಪನಿವೇದನೆ ಕೇಳುವ ಅಧಿಕಾರವನ್ನು ಅವರಿಗೆ ನಿರಾಕರಿಸಿದರು. ಐವತ್ತರ ಸಮೀಪಕ್ಕೆ ಬಂದಿದ್ದ, ತಂದೆಯ ಆಸ್ತಿಯಿಂದ ಜೀವನಕ್ಕೆ ಕೊರತೆಯಿಲ್ಲದಿದ್ದ, ಆದರೆ ಮಾಡಲು ಕೆಲಸವೇ ಇಲ್ಲದಿದ್ದ ಯಾಜಕ. ಪ್ರವಚನಪೀಠವನ್ನು ಕಳೆದುಕೊಂಡ ಈ ಮನುಷ್ಯನಿಗೆ ಮುಂದೆ ದೊರೆತ ಸಭೆಯು ಅವರ ಒಂದು ಮಾತನ್ನೂ ಕೇಳಲಾರದ ಸಭೆಯಾಯಿತು.

ಸುಮಾರು 1760ರಲ್ಲಿ ಏನೋ ಕಾರ್ಯನಿಮಿತ್ತ ಅವರು ಪ್ಯಾರಿಸಿನ ಒಂದು ಮನೆಗೆ ಹೋದರು. ಮನೆಯೊಡತಿ ಹೊರಗೆ ಹೋಗಿದ್ದಳು. ಒಳಗೆ ಇಬ್ಬರು ಹುಡುಗಿಯರು ತಲೆತಗ್ಗಿಸಿ ಹೊಲಿಗೆಯಲ್ಲಿ ತೊಡಗಿದ್ದರು. ಅಬ್ಬೆಯವರು ಮಾತನಾಡಿಸಿದರು, ಉತ್ತರವಿಲ್ಲ. ಮತ್ತೆ ಮಾತನಾಡಿಸಿದರು, ಕಣ್ಣೆತ್ತಿಯೂ ನೋಡಲಿಲ್ಲ. ಇದೆಂಥ ಅವಿನಯವೆಂದು ಅವರು ಬೆರಗಾಗಿರುವಾಗ ತಾಯಿ ಬಂದಳು, ಕಣ್ಣೀರಿಟ್ಟು ವಿಷಯವನ್ನು ತಿಳಿಸಿದಳು. ಮಕ್ಕಳಿಬ್ಬರೂ ಅವಳಿ, ಇಬ್ಬರಿಗೂ ಕಿವಿ ಕೇಳಿಸದು. ವಾನೆಂ ಎಂಬ ಗುರುಗಳು ಸಂತರ ಚಿತ್ರಪಟಗಳನ್ನು ತೋರಿಸಿ ಅವರಿಗೆ ಅಷ್ಟಿಷ್ಟು ಜ್ಞಾನೋಪದೇಶ ಮಾಡುತ್ತಿದ್ದರು. ಆ ಗುರುಗಳೂ ತೀರಿಕೊಂಡಿದ್ದರು. ದೇವರನ್ನು ಅರಿಯದೆ ಈ ಮಕ್ಕಳು ಬದುಕಿ ಸಾಯಬೇಕೆ ಎಂಬ ಒಂದೇ ಸಂಕಟದಿಂದ ತಾವು ಈ ಕೆಲಸಕ್ಕೆ ಕೈಹಾಕಿದುದಾಗಿ ಅಬ್ಬೆಯವರೇ ಮುಂದೆ ಬರೆದಿದ್ದಾರೆ.

ಈ ಸಂಕಟದ ಹಿಂದೆ ಒಂದು ಹಳೆಯ ತೊಡಕಿತ್ತು. ವಿಶ್ವಾಸವು ಶ್ರವಣದಿಂದ ಹುಟ್ಟುವುದೆಂಬ ಅರ್ಥದ ಸಂತ ಪೌಲರ ವಾಕ್ಯವನ್ನು ಅಕ್ಷರಶಃ ಹಿಡಿದುಕೊಂಡ ಕೆಲವರು, ಕಿವಿಯಿಲ್ಲದವನಿಗೆ ವಿಶ್ವಾಸವೂ ಇಲ್ಲ, ವಿವೇಕವೂ ಇಲ್ಲವೆಂದು ತೀರ್ಮಾನಿಸಿಬಿಟ್ಟಿದ್ದರು. ನಮ್ಮಲ್ಲಿ ಹೇಳಲಾಗದ ಅನುಭವಕ್ಕೆ 'ಮೂಗ ಕಂಡ ಕನಸು' ಎನ್ನುವ ಮಾತು ಬಳಕೆಯಲ್ಲಿದೆ. ಕನಸು ಕಂಡನೆಂಬುದನ್ನಾದರೂ ನಮ್ಮ ಹಿರಿಯರು ಒಪ್ಪಿದ್ದರಲ್ಲ! ಹಾಗೆ ನೋಡಿದರೆ 'ಕಿವುಡ-ಮೂಗ' ಎಂಬ ಜೋಡುಪದವೇ ತಪ್ಪು. ಈ ಮಕ್ಕಳ ನಾಲಿಗೆಗಾಗಲಿ ಗಂಟಲಿಗಾಗಲಿ ಸಾಮಾನ್ಯವಾಗಿ ಯಾವ ಊನವೂ ಇರುವುದಿಲ್ಲ. ಕೇಳದ ಧ್ವನಿಯನ್ನು ಅನುಕರಿಸಲಾಗದೆ ಅವರು ಮೌನವಾಗಿರುತ್ತಾರೆ, ಅಷ್ಟೆ. ಹಳೆಯ ಹೆಸರುಗಳನ್ನು ಉದ್ಧರಿಸುವಾಗಲಲ್ಲದೆ ಈ ಲೇಖನದಲ್ಲಿ ಆ ಶಬ್ದವನ್ನು ಬಳಸಿಲ್ಲ.

ಅಬ್ಬೆಯವರೇ ಮೊದಲಿಗರೆಂದು ಹೇಳುವುದು ಭಕ್ತಿಯ ಅತಿಶಯವಾದೀತು. ಸ್ಪೇನಿನಲ್ಲಿ 16ನೆಯ ಶತಮಾನದಲ್ಲಿಯೇ ಪೇದ್ರೋ ಪೊನ್ಸೆ ದೆ ಲಿಯೋನ್ ಎಂಬ ಬೆನೆಡಿಕ್ಟಿನ್ ಸನ್ಯಾಸಿಯು ವೆಲಾಸ್ಕೋ ಎಂಬ ಶ್ರೀಮಂತ ಮನೆತನದ ಕಿವುಡ ಮಕ್ಕಳಿಗೆ ಓದುಬರಹವನ್ನು ಕಲಿಸಿದ್ದರು. 1620ರಲ್ಲಿ ಹುವಾನ್ ಪಾಬ್ಲೋ ಬೊನೆತ್ ಎಂಬಾತನು ಕೈಬೆರಳ ಅಕ್ಷರಮಾಲೆಯ ಚಿತ್ರಗಳೊಡನೆ ಗ್ರಂಥವನ್ನೇ ಅಚ್ಚುಹಾಕಿಸಿದ್ದನು. ಆ ಗ್ರಂಥವನ್ನು ಓದುವುದಕ್ಕಾಗಿಯೇ ಅಬ್ಬೆಯವರು ಸ್ಪ್ಯಾನಿಷ್ ಕಲಿತರು. ಪ್ಯಾರಿಸಿನಲ್ಲಿಯೇ ಜಾಕೋಬ್ ರೊಡ್ರಿಗೆಸ್ ಪಿರೇರಾ ಎಂಬ ಯೆಹೂದ್ಯ ವಿದ್ವಾಂಸರು ಕಿವುಡರಿಗೆ ಮಾತನ್ನು ಕಲಿಸುತ್ತಿದ್ದರು. (ಈ ಕುಲನಾಮ ಕೇಳಿದೊಡನೆ ಮಂಗಳೂರಿನ ಕಡೆಯ ಓದುಗರಿಗೆ ಆತ್ಮೀಯವೆನಿಸೀತು, ಪೋರ್ತುಗೀಸ್ ಮೂಲದ ಹೆಸರೇ ಅದು.) ಆದರೆ ಪಿರೇರಾ ಅವರು ತಮ್ಮ ವಿಧಾನವನ್ನು ರಹಸ್ಯವಾಗಿಟ್ಟುಕೊಂಡು, ಶುಲ್ಕ ಕೊಡಬಲ್ಲವರ ಮಕ್ಕಳಿಗೆ ಮಾತ್ರ ಕಲಿಸಿದರು. ಅವರ ಮುಂದೆ ಸಂಸಾರವಿತ್ತು, ಹೊಟ್ಟೆಪಾಡಿತ್ತು, ದೂಷಿಸಲಾಗದು.

ಅಬ್ಬೆಯವರು ಹೊಸದಾಗಿ ಮಾಡಿದ್ದು ಮೂರು. ಬಾಗಿಲನ್ನು ಬಡವರಿಗೆ ತೆರೆದರು, ಹಣ ಕೇಳಲಿಲ್ಲ, ವಿದ್ಯೆಯನ್ನು ಗುಟ್ಟು ಮಾಡಲಿಲ್ಲ. ರೂ ದೆ ಮೂಲೆಂ ಎಂಬ ಬೀದಿಯ ತಮ್ಮ ಸ್ವಂತ ಮನೆಯಲ್ಲಿಯೇ ಪಾಠ. ಮಕ್ಕಳು ನಗರದ ಬೇರೆಬೇರೆ ವಸತಿಗೃಹಗಳಲ್ಲಿದ್ದುಕೊಂಡು ವಾರಕ್ಕೆರಡು ಬೆಳಗು, ಮಂಗಳವಾರ ಮತ್ತು ಶುಕ್ರವಾರ, ಅಲ್ಲಿಗೆ ಬರುತ್ತಿದ್ದರು. 1785ರ ಸುಮಾರಿಗೆ ಅವರ ಸಂಖ್ಯೆಯು 70ರಷ್ಟಾಗಿತ್ತು. ಪರೀಕ್ಷೆಗಳನ್ನು ಸಾರ್ವಜನಿಕರ ಮುಂದೆ ನಡೆಸಿದರು. ವಿಧಾನವನ್ನು 1776ರಲ್ಲಿ ಒಂದು ಗ್ರಂಥವಾಗಿಯೂ 1784ರಲ್ಲಿ ಅದನ್ನು ತಿದ್ದಿ ಇನ್ನೊಂದಾಗಿಯೂ ಪ್ರಕಟಿಸಿದರು. ಬೇರೆ ದೇಶಗಳಿಂದ ಬಂದ ಯಾಜಕರಿಗೂ ಅಧ್ಯಾಪಕರಿಗೂ ಅದನ್ನು ಕೈಹಿಡಿದು ಕಲಿಸಿದರು.

ಆ ವಿಧಾನವೇನು? ಕಿವುಡರು ತಮ್ಮತಮ್ಮೊಳಗೆ ಕೈಸನ್ನೆಯಿಂದ ಮಾತಾಡಿಕೊಳ್ಳುವುದನ್ನು ಅವರು ಗಮನಿಸಿದರು. ಕಿವಿಯಿಂದ ಒಳಹೊಗಲಾರದ ವಿದ್ಯೆಯು ಕಣ್ಣಿನಿಂದ ಒಳಹೊಗಬಹುದಷ್ಟೆ. ಮಕ್ಕಳ ಸನ್ನೆಗಳನ್ನು ಮೊದಲು ತಾವು ಕಲಿತು, ಅವಕ್ಕೆ ಫ್ರೆಂಚ್ ವ್ಯಾಕರಣದ ತೊಡಿಗೆಯನ್ನು ತೊಡಿಸಿದರು. ಪುಲ್ಲಿಂಗಕ್ಕೆ ಕೈಯನ್ನು ಹ್ಯಾಟಿನ ಅಂಚಿಗೆ ಒಯ್ಯುವುದು, ಸ್ತ್ರೀಲಿಂಗಕ್ಕೆ ಹೆಂಗಸರ ಶಿರೋವಸ್ತ್ರವು ಮುಗಿಯುವ ಕಿವಿಯ ಬಳಿಗೆ ಒಯ್ಯುವುದು. ಭೂತಕಾಲಕ್ಕೆ ಕೈಯನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಬೀಸುವುದು, ಭೂತಕಾಲದ ಭೇದಗಳಿಗೆ ಒಂದು ಬಾರಿ, ಎರಡು ಬಾರಿ, ಮೂರು ಬಾರಿ. ಇವನ್ನು 'ಕ್ರಮಬದ್ಧ ಸನ್ನೆಗಳು' ಎಂದು ಅವರು ಕರೆದರು.

ಇಲ್ಲಿಯೇ ಅವರ ವಿಧಾನದ ದೌರ್ಬಲ್ಯವೂ ಇದ್ದಿತು. ಒಂದೊಂದು ವಾಕ್ಯಕ್ಕೂ ಇಷ್ಟೆಲ್ಲ ಕೈಯಾಡಿಸುವಾಗ ಅರ್ಥವು ದಾರಿಯಲ್ಲಿ ಕಳೆದುಹೋಗುತ್ತಿತ್ತು. ಗುರುಗಳು ಸನ್ನೆ ಮಾಡಿದ್ದನ್ನು ತಪ್ಪಿಲ್ಲದೆ ಬರೆಯಬಲ್ಲ ಮಕ್ಕಳು ತಮ್ಮ ಮನಸ್ಸಿನ ಒಂದು ಮಾತನ್ನು ಸ್ವತಂತ್ರವಾಗಿ ಬರೆಯಲು ತಡವರಿಸುತ್ತಿದ್ದರು. ಮಕ್ಕಳ ಸ್ವಂತ ಸನ್ನೆಭಾಷೆಯು ತನ್ನ ವ್ಯಾಕರಣದಿಂದಲೇ ಸಂಪೂರ್ಣವಾದುದೆಂಬ ಅರಿವು ಅಬ್ಬೆಯವರಿಗೆ ಕೊನೆಯವರೆಗೂ ಪೂರ್ತಿ ಮೂಡಿದಂತೆ ಕಾಣುವುದಿಲ್ಲ. ಆ ಅರಿವನ್ನು ಅಚ್ಚಿನಲ್ಲಿ ಮೊದಲು ಮುಂದಿಟ್ಟವರಲ್ಲಿ ಒಬ್ಬನು ಪಿಯೆರ್ ದೆಲೋಜ್. ಪುಸ್ತಕಗಳಿಗೆ ರಟ್ಟು ಕಟ್ಟಿ ಹೊಟ್ಟೆಹೊರೆಯುತ್ತಿದ್ದ ಕಿವುಡನಾತ. 1779ರಲ್ಲಿ ತನ್ನ ಪುಸ್ತಕವನ್ನು ಪ್ರಕಟಿಸಿ, ಅಬ್ಬೆಯವರನ್ನು ಟೀಕಾಕಾರರಿಂದ ರಕ್ಷಿಸುತ್ತಲೇ, ಯಾವ ಶಾಲೆಯನ್ನೂ ಕಾಣದ ಪ್ಯಾರಿಸಿನ ಕಿವುಡರು ತಮ್ಮೊಳಗೆ ಸಕಲ ಲೋಕವ್ಯವಹಾರಗಳನ್ನೂ ಸನ್ನೆಯಿಂದ ಚರ್ಚಿಸುತ್ತಾರೆಂದು ತಿಳಿಸಿದನು. ಶಾಲೆಗಿಂತ ಮೊದಲೇ ಭಾಷೆಯಿತ್ತು ಎಂಬುದು ಅವನ ಸಾಕ್ಷ್ಯ. ಪಂಡಿತರು ಅದನ್ನು ಒಪ್ಪಲು ಸುಮಾರು ಇನ್ನೂರು ವರ್ಷಗಳೇ ಬೇಕಾದವು.

ಅಬ್ಬೆಯವರ ಕೀರ್ತಿಯು ಹಬ್ಬುತ್ತಿದ್ದಂತೆ ದೊರೆಗಳು ಬರತೊಡಗಿದರು. 1777ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು, ತಂಗಿ ಮಾರಿ ಆಂತ್ವಾನೆತ್ ರಾಣಿಯನ್ನು ನೋಡಲು ವೇಷ ಮರೆಸಿಕೊಂಡು ಬಂದಿದ್ದವನು, ಪಾಠವನ್ನು ನೋಡಿ ಬೆರಗಾಗಿ ತನ್ನ ರಾಜ್ಯದಲ್ಲಿ ಒಂದು ಮಠದ ಆದಾಯವನ್ನೇ ಕೊಡಲು ಮುಂದಾದನು. ತಮಗೆ ವಯಸ್ಸಾಯಿತು, ಕೊಡುವುದಿದ್ದರೆ ಈ ಕಾರ್ಯಕ್ಕೇ ಕೊಡಿ ಎಂಬುದು ಅಬ್ಬೆಯವರ ಉತ್ತರ. ಅದರಂತೆ ಸ್ಟೋರ್ಕ್ ಎಂಬ ಯಾಜಕರು ವಿಯೆನ್ನಾದಿಂದ ಬಂದು ಕಲಿತುಹೋಗಿ 1779ರಲ್ಲಿ ಅಲ್ಲಿ ಶಾಲೆಯನ್ನು ತೆರೆದರು. ರಷ್ಯದ ಕ್ಯಾಥರೀನ್ ರಾಣಿಯು ಕಾಣಿಕೆಗಳನ್ನು ಕಳುಹಿಸಲು ಬಯಸಿದಾಗ, ಕಾಣಿಕೆಯ ಬದಲು ಒಬ್ಬ ಕಿವುಡ ವಿದ್ಯಾರ್ಥಿಯನ್ನು ಕಳುಹಿಸಿರೆಂದು ಅವರು ಕೇಳಿಕೊಂಡರು. ಹದಿನಾರನೆಯ ಲೂಯಿ ಅರಸನು 1778ರಲ್ಲಿ ಶಾಲೆಯನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡನಾದರೂ ಆಜ್ಞೆಯು ಹೊರಟಷ್ಟು ಬೇಗ ಹಣವು ಹೊರಡಲಿಲ್ಲ. ತಂದೆಯ ಆಸ್ತಿಯು ಕರಗುತ್ತಲೇ ಹೋಯಿತು. 1788ರ ಘೋರ ಚಳಿಗಾಲದಲ್ಲಿ 76ರ ಮುದುಕರು ತಮ್ಮ ಕೋಣೆಯಲ್ಲಿ ಬೆಂಕಿಯಿಲ್ಲದೆ ಕುಳಿತಿರಲು, ಮಕ್ಕಳು ಅದನ್ನು ಕಂಡು ಅತ್ತು ಹಟಹಿಡಿದು ಸೌದೆ ತರಿಸಿದರೆಂದೂ, ಆ ಸೌದೆಯ ಹಣದಿಂದ ಮಕ್ಕಳಿಗೆ ಮೋಸಮಾಡಿದೆನೆಂದು ಅವರು ಬಹುಕಾಲ ಪರಿತಪಿಸಿದರೆಂದೂ ಅವರ ಚರಿತ್ರಕಾರರು ಹೇಳುತ್ತಾರೆ.

ಒಂದು ಕಹಿ ಪ್ರಸಂಗವನ್ನು ಮುಚ್ಚಿಡುವುದು ನ್ಯಾಯವಲ್ಲ. 1773ರಲ್ಲಿ ಪೆರೋನ್ ಪಟ್ಟಣದ ಬಳಿ ಅನಾಥನಾಗಿ ಸಿಕ್ಕಿದ ಕಿವುಡ ಹುಡುಗನೊಬ್ಬನು ಸೋಲಾರ್ ಎಂಬ ಕುಲೀನ ಮನೆತನದ ವಾರಸುದಾರನೆಂದು ಅಬ್ಬೆಯವರು ನಂಬಿದರು. ಹುಡುಗನ ಪರವಾಗಿ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿ 1781ರಲ್ಲಿ ಗೆದ್ದರು; ಈ ಮಧ್ಯೆ ನಿರಪರಾಧಿಯಾದ ಒಬ್ಬನು ಸೆರೆಮನೆಯ ಕಷ್ಟವನ್ನು ಅನುಭವಿಸಬೇಕಾಯಿತು. 1792ರಲ್ಲಿ, ಅಬ್ಬೆಯವರು ಕಾಲವಾದ ನಂತರ, ಆ ತೀರ್ಪು ರದ್ದಾಯಿತು. ಅಸಹಾಯಕರ ಪರವಾಗಿ ನಿಂತವರಿಗೆ ತಮ್ಮ ಕರುಣೆಯೇ ಸಾಕ್ಷ್ಯವೆಂದು ತೋರುವ ಅಪಾಯವಿದೆ. ಅಬ್ಬೆಯವರು ಅದರಿಂದ ಹೊರತಾಗಿರಲಿಲ್ಲ.

1789ರ ಡಿಸೆಂಬರ್ 23ರಂದು, ಫ್ರಾನ್ಸಿನ ಮಹಾಕ್ರಾಂತಿಯ ಮೊದಲ ಚಳಿಗಾಲದಲ್ಲಿ, ಅವರು ದೈವಾಧೀನರಾದರು. ನೆರೆಯ ಸಂತ ರೋಕ್ ದೇವಾಲಯದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. 1791ರ ಜುಲೈಯಲ್ಲಿ ರಾಷ್ಟ್ರಸಭೆಯು ಕಾಯಿದೆಯನ್ನು ಮಾಡಿ ಶಾಲೆಯನ್ನು ರಾಷ್ಟ್ರದ ಸಂಸ್ಥೆಯಾಗಿ ಅಂಗೀಕರಿಸಿತು. 1794ರಲ್ಲಿ ಅದು ಸಾಂ ಜಾಕ್ ಬೀದಿಯಲ್ಲಿ ಹಿಂದೆ ಗುರುಮಠವಾಗಿದ್ದ ಕಟ್ಟಡಕ್ಕೆ ಸ್ಥಳಾಂತರಗೊಂಡು ಅಲ್ಲಿಯೇ ನೆಲೆನಿಂತಿತು.

ಉತ್ತರಾಧಿಕಾರಿಯಾಗಿ 1790ರಲ್ಲಿ ಬಂದವರು ಅಬ್ಬೆ ಸಿಕಾರ್. ಬೋರ್ಡೋ ನಗರದ ಶಾಲೆಯನ್ನು ನಡೆಸುತ್ತಿದ್ದ ಪಂಡಿತರು, ಮಾತಿನ ಮಲ್ಲರು, ಜನರ ಮೆಚ್ಚುಗೆಯನ್ನು ಮೆಚ್ಚುತ್ತಿದ್ದವರು. ಅವರೊಂದಿಗೆ ಬೋರ್ಡೋದಿಂದ ಬಂದವನು ಝಾಂ ಮಾಸ್ಯೂ ಎಂಬ ಕಿವುಡ ಯುವಕ. ಮಾಸ್ಯೂವಿನ ಮನೆಯಲ್ಲಿ ಆರು ಮಕ್ಕಳೂ ಕಿವುಡರು. ಬಾಲ್ಯದಲ್ಲಿ ಅವನು ಕುರಿ ಕಾಯುತ್ತಿದ್ದನು. ಉಳಿದ ಹುಡುಗರು ಪುಸ್ತಕ ಹಿಡಿದು ಶಾಲೆಗೆ ಹೋಗುವುದನ್ನು ಕಂಡು ತನಗೂ ಬೇಕೆಂದು ತಂದೆಯ ಮುಂದೆ ಅತ್ತಾಗ, ಕಿವುಡನಿಗೆ ವಿದ್ಯೆ ಹತ್ತದೆಂದು ತಂದೆಯು ಸನ್ನೆಯಿಂದಲೇ ಹೇಳಿದನಂತೆ. ಹದಿಮೂರನೆಯ ವಯಸ್ಸಿನ ಸುಮಾರಿಗೆ ಸಿಕಾರರ ಕೈಗೆ ಬಂದ ಆ ಹುಡುಗನು ಕೆಲವೇ ವರ್ಷಗಳಲ್ಲಿ ಪ್ಯಾರಿಸಿನ ಶಾಲೆಯ ಸಹಾಯಕ ಅಧ್ಯಾಪಕನಾದನು. ಕೃತಜ್ಞತೆ ಎಂದರೇನೆಂದು ಕೇಳಿದವರಿಗೆ ಅದು ಹೃದಯದ ಸ್ಮರಣಶಕ್ತಿಯೆಂದು ಬರೆದು ತೋರಿಸಿದವನು ಇವನೇ.

ಆ ಸ್ಮರಣಶಕ್ತಿಗೆ ಬೇಗನೆ ಪರೀಕ್ಷೆಯೂ ಬಂದಿತು. 1792ರ ಆಗಸ್ಟ್ 26ರಂದು, ಕ್ರಾಂತಿಗೆ ವಿಧೇಯರಲ್ಲದ ಯಾಜಕರೆಂಬ ಗುಮಾನಿಯ ಮೇಲೆ ಸಿಕಾರರನ್ನು ಬಂಧಿಸಿದರು. ಯಾಜಕರ ಪರವಾಗಿ ತುಟಿ ಬಿಚ್ಚಿದವನ ತಲೆ ಉಳಿಯುವ ಭರವಸೆಯಿಲ್ಲದ ದಿನಗಳವು. ಇಪ್ಪತ್ತು ವರ್ಷದ ಮಾಸ್ಯೂ, ಸಹವಿದ್ಯಾರ್ಥಿಗಳನ್ನು ಕರೆದುಕೊಂಡು ಶಾಸನಸಭೆಯ ಕಟಕಟೆಗೆ ನಡೆದು, ತಾನೇ ಬರೆದಿದ್ದ ಮನವಿಯನ್ನು ಮುಂದಿಟ್ಟನು. ಸಭೆಯ ಕಾರ್ಯದರ್ಶಿಯು ಅದನ್ನು ಓದಿದನು. ನಮ್ಮ ಗುರುಗಳನ್ನು ನಮಗೆ ಹಿಂದಿರುಗಿಸಿರಿ, ಅವರಿಲ್ಲದಿದ್ದರೆ ನಾವು ಪ್ರಾಣಿಗಳಂತೆ ಇರುತ್ತಿದ್ದೆವು ಎಂಬುದು ಅದರ ತಾತ್ಪರ್ಯ. ಸಭಿಕರು ಚಪ್ಪಾಳೆ ತಟ್ಟಿದರು. ಅನುಕೂಲವಾದ ಆಜ್ಞೆಯೂ ಆಯಿತು. ಆದರೆ ಬಿಡುಗಡೆಯಾಗಲಿಲ್ಲ.

ಸೆಪ್ಟೆಂಬರ್ 2ರಂದು ಅಬ್ಬಾಯ್ ಎಂಬ ಸೆರೆಮನೆಯಲ್ಲಿ ಕಗ್ಗೊಲೆಯು ಆರಂಭವಾಯಿತು. ಜೊತೆಯಲ್ಲಿ ಕರೆತಂದಿದ್ದ ಯಾಜಕರನ್ನು ಒಬ್ಬೊಬ್ಬರನ್ನಾಗಿ ಕಡಿದುಹಾಕಿದ ಜನರು ಸಿಕಾರರ ಮೇಲೂ ಎರಗಿದಾಗ, ಮೊನ್ನೋ ಎಂಬ ಗಡಿಯಾರ ರಿಪೇರಿಯವನು ಅಡ್ಡಬಂದು, ಎದೆಯನ್ನು ತೆರೆದು ನಿಂತು, ಇವರು ಕಿವುಡ ಮಕ್ಕಳ ಗುರುಗಳು, ಇವರನ್ನು ಮುಟ್ಟುವವರು ಮೊದಲು ನನ್ನನ್ನು ದಾಟಬೇಕು ಎಂದು ಘೋಷಿಸಿದನು. ಎತ್ತಿದ ಆಯುಧಗಳು ಇಳಿದವು. ಎರಡು ದಿನಗಳ ನಂತರ ಅವರು ಜೀವಸಹಿತ ಶಾಲೆಗೆ ಮರಳಿದರು.

ಈ ಘಟನೆಯನ್ನು ಹೇಳುವವರೆಲ್ಲರೂ ಸಿಕಾರರ ಪಾರಾಗುವಿಕೆಯನ್ನು ಪವಾಡವೆಂದು ಬಣ್ಣಿಸಿ ನಿಲ್ಲಿಸುತ್ತಾರೆ. ನನ್ನ ಕಣ್ಣಿಗೆ ಹೆಚ್ಚಾಗಿ ಕಾಣುವುದು ಆ ಕಟಕಟೆಯ ಮುಂದಿನ ಯುವಕ. ಸಂಸ್ಥೆಯ ಮುಖಂಡನು ಸೆರೆಯಲ್ಲಿದ್ದ ಆ ದಿನಗಳಲ್ಲಿ ಸಂಸ್ಥೆಯ ಪರವಾಗಿ ರಾಷ್ಟ್ರದೊಡನೆ ಮಾತನಾಡಿದವನು ಕುರಿಕಾಯುತ್ತಿದ್ದ ಕಿವುಡ. 1797ರಲ್ಲಿ ಸಿಕಾರರು, ಪತ್ರಿಕೆಯಲ್ಲಿ ಬರೆದ ಲೇಖನಗಳ ಕಾರಣದಿಂದ ಗಡೀಪಾರಿಗೆ ಗುರಿಯಾಗಿ ಮತ್ತೆ ಎರಡು ವರ್ಷಗಳಿಗೂ ಹೆಚ್ಚು ಕಾಲ ತಲೆಮರೆಸಿಕೊಂಡಿರಬೇಕಾಯಿತು. ಆಗಲೂ ತರಗತಿಗಳು ನಡೆದವು. ಅದೇ ವರ್ಷ ಶಾಲೆಗೆ ಸೇರಿದ ಹನ್ನೆರಡು ವರ್ಷದ ಲೊರಾಂ ಕ್ಲೆರ್ ಎಂಬ ಹುಡುಗನಿಗೆ ಅಕ್ಷರ ಕಲಿಸಿದವರು ಮಾಸ್ಯೂ.

ಆದರೆ 1822ರ ಮೇ 10ರಂದು ಸಿಕಾರರು ತೀರಿಕೊಂಡಾಗ ಆಡಳಿತ ಮಂಡಲಿಯು ಮಾಸ್ಯೂ ಅವರಿಗೆ ಆ ಪೀಠವನ್ನು ಕೊಡಲಿಲ್ಲ. ಮೂವತ್ತೆರಡು ವರ್ಷ ಅಲ್ಲಿ ಕಲಿಸಿದ್ದವರು, ಯೂರೋಪಿನಾದ್ಯಂತ ಹೆಸರಾಗಿದ್ದವರು, 1823ರಲ್ಲಿ ಪ್ಯಾರಿಸನ್ನೇ ಬಿಟ್ಟು ರೊದೆಜ್ ಎಂಬ ದೂರದ ಊರಿನ ಶಾಲೆಗೆ ಹೋದರು. ಮುಂದೆ ಲೀಲ್ ನಗರದ ಕಿವುಡ ಮಕ್ಕಳ ಶಾಲೆಯನ್ನು ಕಟ್ಟಿ ನಡೆಸಿ 1846ರಲ್ಲಿ ನಿಧನರಾದರು. ಅವರ ನಡತೆಯ ವಿಷಯದಲ್ಲಿ ಆಗ ಏನೇನೋ ಆಕ್ಷೇಪಗಳನ್ನು ಆಡಿಕೊಂಡರು. ಆಕ್ಷೇಪಗಳು ಸಿಕಾರರ ಮೇಲೂ ಇದ್ದವು. ಅವರು ಕೊನೆಯವರೆಗೆ ಪೀಠದಲ್ಲಿಯೇ ಇದ್ದರು.

ಲೊರಾಂ ಕ್ಲೆರ್ ಅವರ ಕಥೆಯು ಬೇರೆ ದಿಕ್ಕಿಗೆ ಹೋಯಿತು. ಕೂಸಾಗಿದ್ದಾಗ ಒಲೆಯ ಬೆಂಕಿಗೆ ಬಿದ್ದು ಕೆನ್ನೆಯಲ್ಲಿ ಉಳಿದ ಕಲೆಯೇ ಅವರ ಸನ್ನೆಹೆಸರು. ಗೆಳೆಯರು ಎರಡು ಬೆರಳುಗಳಿಂದ ಕೆನ್ನೆಯನ್ನು ಸವರಿ ಅವರನ್ನು ಕರೆಯುತ್ತಿದ್ದರು. 1815ರಲ್ಲಿ ಲಂಡನ್ನಿನಲ್ಲಿ ಸಿಕಾರರು ನಡೆಸಿದ ಪ್ರದರ್ಶನವನ್ನು ನೋಡಲು ಬಂದಿದ್ದವರಲ್ಲಿ ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್ ಎಂಬ ಅಮೆರಿಕದ ಪ್ರೊಟೆಸ್ಟಂಟ್ ಬೋಧಕರೂ ಒಬ್ಬರು. ನೆರೆಮನೆಯ ಆಲಿಸ್ ಕಾಗ್ಸ್‌ವೆಲ್ ಎಂಬ ಕಿವುಡ ಬಾಲಕಿಗೆ ವಿದ್ಯೆ ಕಲಿಸುವ ಬಗೆಯನ್ನು ಹುಡುಕಿಕೊಂಡು ಅವರು ಸಾಗರ ದಾಟಿ ಬಂದಿದ್ದರು. ಮರುವರ್ಷ ಪ್ಯಾರಿಸಿನಲ್ಲಿ ಕೆಲವು ತಿಂಗಳು ಕಲಿತು, ಹೊರಡುವಾಗ ಕ್ಲೆರ್ ಅವರನ್ನೇ ಜೊತೆಗೆ ಬರುವಂತೆ ಕೇಳಿಕೊಂಡರು. ಕರಾರುಪತ್ರವೊಂದು ಸಿದ್ಧವಾಯಿತು, ರೋಮನ್ ಕಥೋಲಿಕ ವಿಶ್ವಾಸಕ್ಕೆ ವಿರುದ್ಧವಾದುದೇನನ್ನೂ ಕ್ಲೆರ್ ಅವರಿಂದ ಕಲಿಸಬಾರದೆಂಬ ನಿಬಂಧನೆಯೂ ಅದರಲ್ಲಿತ್ತು. 52 ದಿನಗಳ ಹಡಗಿನ ಪ್ರಯಾಣದಲ್ಲಿ ಕ್ಲೆರ್ ಅವರು ಗ್ಯಾಲೊಡೆಟರಿಗೆ ಸನ್ನೆಯನ್ನೂ, ಗ್ಯಾಲೊಡೆಟರು ಕ್ಲೆರ್ ಅವರಿಗೆ ಇಂಗ್ಲಿಷನ್ನೂ ಕಲಿಸಿದರು. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡ್ ನಗರದಲ್ಲಿ ಶಾಲೆ ಆರಂಭವಾಯಿತು. ಅದಕ್ಕಾಗಿ ಊರೂರು ತಿರುಗಿ ನಿಧಿ ಸಂಗ್ರಹಿಸಿದವರೂ, 1858ರವರೆಗೆ ಅಲ್ಲಿ ಕಲಿಸಿದವರೂ ಕ್ಲೆರ್. ಪ್ರಾಂಶುಪಾಲರ ಪದವಿ ಮಾತ್ರ ಗ್ಯಾಲೊಡೆಟರದಾಗಿತ್ತು.

ಪ್ಯಾರಿಸಿನಲ್ಲಿ ಉಳಿದವರೂ ಸುಮ್ಮನಿರಲಿಲ್ಲ. ಶಾಲೆಯ ಹಳೆಯ ವಿದ್ಯಾರ್ಥಿಯೂ ಅಧ್ಯಾಪಕರೂ ಆಗಿದ್ದ ಫರ್ದಿನಾಂ ಬೆರ್ತ್ಯೇ ಅವರ ಮುಂದಾಳುತನದಲ್ಲಿ 1834ರಿಂದ ಅಬ್ಬೆಯವರ ಜನ್ಮದಿನವನ್ನು ಔತಣಕೂಟದಿಂದ ಆಚರಿಸುವ ಪದ್ಧತಿ ಆರಂಭವಾಯಿತು. ಭಾಷಣಗಳೆಲ್ಲ ಸನ್ನೆಯಲ್ಲಿ. ಕಿವಿ ಕೇಳುವ ಅತಿಥಿಗಳು ಪರದೇಶದಲ್ಲಿ ಸಿಕ್ಕಿಬಿದ್ದವರಂತೆ ಕಣ್ಣು ಬಿಡುತ್ತಿದ್ದರು. 1838ರಲ್ಲಿ ಬೆರ್ತ್ಯೇ ಅವರು ಕಿವುಡರದೇ ಆದ ಸಂಘವನ್ನು ಕಟ್ಟಿದರು. ಇತರರು ಕಿವುಡರಿಗಾಗಿ ನಡೆಸಿದ ಧರ್ಮಕಾರ್ಯಕ್ಕೂ ಕಿವುಡರು ತಮಗಾಗಿ ಕಟ್ಟಿಕೊಂಡ ಸಂಘಕ್ಕೂ ಇರುವ ಅಂತರವನ್ನು ಸರ್ಕಾರವೂ ಮನಗಂಡಿರಬೇಕು. 1849ರಲ್ಲಿ ಅವರಿಗೆ ಲೀಜಿಯನ್ ಆಫ್ ಆನರ್ ಪದಕವು ದೊರೆಯಿತು. ಆ ಗೌರವವನ್ನು ಪಡೆದ ಮೊದಲ ಕಿವುಡರು ಅವರು.

ಇಷ್ಟರ ಮೇಲೆ ಬಂದದ್ದು 1880ರ ಮಿಲಾನ್ ಸಮ್ಮೇಳನ. ಸೆಪ್ಟೆಂಬರ್ ತಿಂಗಳಲ್ಲಿ ನೂರ ಅರವತ್ತಕ್ಕೂ ಮಿಕ್ಕ ಪ್ರತಿನಿಧಿಗಳು ಸೇರಿದ್ದರು. ಅಧ್ಯಕ್ಷರು ಅಬ್ಬೆ ಜೂಲಿಯೋ ತಾರ್ರಾ, ಮಿಲಾನಿನ ಬಡ ಕಿವುಡ ಮಕ್ಕಳ ಶಾಲೆಯ ಮುಖ್ಯಸ್ಥರು, ಮಕ್ಕಳಿಗಾಗಿ ಬಾಳನ್ನೇ ಸವೆಸಿದ ಯಾಜಕರು. ಸನ್ನೆಗಿಂತ ಬಾಯಿಮಾತೇ ಶ್ರೇಷ್ಠ, ಶಾಲೆಗಳಲ್ಲಿ ಬಾಯಿಮಾತಿನಿಂದಲೇ ಕಲಿಸತಕ್ಕದ್ದು ಎಂಬ ಗೊತ್ತುವಳಿಯು 160ಕ್ಕೆ 4 ಮತಗಳಿಂದ ಅಂಗೀಕೃತವಾಯಿತು. ಆ ದೊಡ್ಡ ಸಭೆಯಲ್ಲಿ ಕುಳಿತಿದ್ದ ಕಿವುಡರು ಬೆರಳೆಣಿಕೆಗೂ ಸಾಲದಷ್ಟು. ಇದರ ಫಲವಾಗಿ ಫ್ರಾನ್ಸ್, ಇಟಲಿ ಮೊದಲಾದ ದೇಶಗಳಲ್ಲಿ ಕಿವುಡ ಅಧ್ಯಾಪಕರು ಕೆಲಸವನ್ನು ಕಳೆದುಕೊಂಡರು. ಅಬ್ಬೆ ದ ಲೆಪೇಯವರು ಕಟ್ಟಿದ ಶಾಲೆಯಿಂದಲೇ ಸನ್ನೆಯು ಹೊರದೂಡಲ್ಪಟ್ಟಿತು. ಕೈಯಾಡಿಸಿದ ಮಕ್ಕಳಿಗೆ ಶಿಕ್ಷೆಯಾಗತೊಡಗಿತು. ತರಗತಿಯಲ್ಲಿ ನಿಷೇಧಿತವಾದ ಭಾಷೆಯು ಊಟದ ಮೇಜಿನ ಕೆಳಗೆ, ಮಲಗುವ ಕೋಣೆಯ ಮಬ್ಬುಬೆಳಕಿನಲ್ಲಿ, ಹಿರಿಯ ಮಕ್ಕಳಿಂದ ಕಿರಿಯರಿಗೆ ದಾಟಿ ಜೀವ ಉಳಿಸಿಕೊಂಡಿತು.

ತಾರ್ರಾ ಅವರನ್ನು ಕಟುಕರೆಂದು ಚಿತ್ರಿಸುವುದು ಸುಲಭ, ಆದರೆ ಸತ್ಯವಲ್ಲ. ಮಾತನ್ನು ಕಲಿಸುವುದು ಒಳ್ಳೆಯ ಕೆಲಸವೇ. ಶ್ರವಣಯಂತ್ರವೂ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯೂ ಬಂದಿರುವ ಈ ಕಾಲದಲ್ಲಿ ಎಳೆಯ ವಯಸ್ಸಿನಲ್ಲಿಯೇ ದೋಷವನ್ನು ಗುರುತಿಸಿದರೆ ಅನೇಕ ಮಕ್ಕಳು ಚೆನ್ನಾಗಿ ಮಾತನಾಡುತ್ತಾರೆ. ಮಿಲಾನಿನ ತಪ್ಪು, ಯಾರ ಬಾಳನ್ನು ಕುರಿತು ಮತ ಹಾಕಿದರೋ ಅವರನ್ನು ಕೇಳದೆ ಮತ ಹಾಕಿದ್ದು. 2010ರಲ್ಲಿ ವ್ಯಾಂಕೂವರ್ ನಗರದಲ್ಲಿ ಸೇರಿದ ಅದೇ ಸಮ್ಮೇಳನ ಪರಂಪರೆಯ ಸಭೆಯು ಮಿಲಾನಿನ ಗೊತ್ತುವಳಿಗಳನ್ನು ತಳ್ಳಿಹಾಕಿ ವಿಷಾದವನ್ನು ವ್ಯಕ್ತಪಡಿಸಿತು. ನೂರಮೂವತ್ತು ವರ್ಷ!

ಅಷ್ಟರಲ್ಲಿ ಅಮೆರಿಕದಲ್ಲಿ ಮಾಸ್ಯೂ ಅವರ ಹಳೆಯ ಪ್ರಶ್ನೆಯು ಮತ್ತೆ ಎದ್ದಿತ್ತು. ಗ್ಯಾಲೊಡೆಟರ ಹೆಸರನ್ನು ಹೊತ್ತ ವಾಷಿಂಗ್ಟನ್ನಿನ ವಿಶ್ವವಿದ್ಯಾನಿಲಯಕ್ಕೆ 1864ರಲ್ಲಿ ಅಬ್ರಹಾಂ ಲಿಂಕನ್ ಅವರ ಸಹಿಯಿಂದ ಪದವಿ ಕೊಡುವ ಅಧಿಕಾರ ಬಂದಿತ್ತು. ಅಂದಿನಿಂದ 124 ವರ್ಷಗಳಲ್ಲಿ ಒಬ್ಬ ಕಿವುಡರೂ ಅದರ ಅಧ್ಯಕ್ಷರಾಗಿರಲಿಲ್ಲ. 1988ರ ಮಾರ್ಚ್ 6ರಂದು, ಕೊನೆಯ ಸುತ್ತಿನ ಮೂವರು ಅಭ್ಯರ್ಥಿಗಳಲ್ಲಿ ಇಬ್ಬರು ಕಿವುಡರಿದ್ದರೂ, ಮಂಡಲಿಯು ಸನ್ನೆಭಾಷೆಯನ್ನೇ ಅರಿಯದ ಮೂರನೆಯವರನ್ನು ಆರಿಸಿತು. ವಿದ್ಯಾರ್ಥಿಗಳು ಹೆಬ್ಬಾಗಿಲುಗಳನ್ನು ಮುಚ್ಚಿದರು. ಅವರ ಬೇಡಿಕೆಗಳು ನಾಲ್ಕು: ಕಿವುಡರೊಬ್ಬರು ಅಧ್ಯಕ್ಷರಾಗಬೇಕು, ಮಂಡಲಿಯ ಮುಖ್ಯಸ್ಥೆಯು ರಾಜೀನಾಮೆ ಕೊಡಬೇಕು, ಮಂಡಲಿಯಲ್ಲಿ ಕಿವುಡರಿಗೆ ಬಹುಮತವಿರಬೇಕು, ಮುಷ್ಕರ ಹೂಡಿದವರ ಮೇಲೆ ಸೇಡು ತೀರಿಸಿಕೊಳ್ಳಬಾರದು. ಒಂದೇ ವಾರದಲ್ಲಿ ನಾಲ್ಕೂ ಈಡೇರಿದವು. ಮಾರ್ಚ್ 13ರಂದು, ತಾರುಣ್ಯದಲ್ಲಿ ಅಪಘಾತದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದ ಐ. ಕಿಂಗ್ ಜಾರ್ಡನ್ ಅವರು ಅಧ್ಯಕ್ಷರಾಗಿ ನೇಮಕಗೊಂಡರು.

ಭಾರತದಲ್ಲಿಯೂ ಈ ಕಾರ್ಯದ ಮೊದಲ ಹೆಜ್ಜೆಯೊಂದರಲ್ಲಿ ಧರ್ಮಾಧ್ಯಕ್ಷರೊಬ್ಬರ ಪಾತ್ರವಿದೆ. 1880ರ ದಶಕದಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳ ಶಾಲೆಯು ಆರಂಭವಾದದ್ದು ಅಂದಿನ ಧರ್ಮಾಧ್ಯಕ್ಷರೂ ಯೇಸುಸಭೆಯವರೂ ಆದ ಲಿಯೋ ಮ್ಯೂರಿನ್ ಅವರ ಆಸಕ್ತಿಯಿಂದ. 1893ರಲ್ಲಿ ಕಲ್ಕತ್ತೆಯ ಶಾಲೆ ಹುಟ್ಟಿತು. ಅದರ ಜಾಮಿನಿನಾಥ ಬ್ಯಾನರ್ಜಿಯವರು ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಗಿ ತರಬೇತಿ ಪಡೆದು ಬಂದರು. ದಕ್ಷಿಣದ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್ಸನ್ ಎಂಬ ಮಿಷನರಿ ಮಹಿಳೆಯು ಅದೇ ಶತಮಾನದ ಕೊನೆಯ ವರ್ಷಗಳಲ್ಲಿ ಶಾಲೆಯನ್ನು ತೆರೆದರು. ನಮ್ಮ ಮೈಸೂರಿನಲ್ಲಿ 1901ರಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆಯು ಆರಂಭವಾಯಿತು. 1960ರ ದಶಕದ ಮಧ್ಯಭಾಗದಲ್ಲಿ ಅದೇ ಊರಿನ ಮಾನಸಗಂಗೋತ್ರಿಯ ಬಳಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ತಲೆಯೆತ್ತಿತು. ಈ ಶಾಲೆಗಳಲ್ಲಿ ಮೊದಲ ತಲೆಮಾರಿನವು ಮಿಲಾನಿನ ನೆರಳಿನಲ್ಲಿ ಹುಟ್ಟಿದುದರಿಂದ, ಬಹುಕಾಲ ಬಾಯಿಮಾತಿಗೇ ಮೇಲುಗೈಯಿತ್ತು. ಮಕ್ಕಳ ಕೈಗಳು ಇಲ್ಲಿಯೂ ಗುಟ್ಟಿನಲ್ಲಿಯೇ ಮಾತಾಡಿದವು. ಕಿವುಡರ ಸಂಘಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಗೆ ಮೀಸಲಾದ ಸಂಶೋಧನ ಮತ್ತು ತರಬೇತಿ ಕೇಂದ್ರವು ಸ್ಥಾಪನೆಯಾಯಿತು. 2018ರಲ್ಲಿ ಅದರ ಮೊದಲ ನಿಘಂಟು 3,000 ಶಬ್ದಗಳೊಡನೆ ಹೊರಬಂದಿತು. 2021ರ ಹೊತ್ತಿಗೆ ಶಬ್ದಗಳ ಸಂಖ್ಯೆ 10,000ಕ್ಕೆ ಏರಿತ್ತು.

ಧರ್ಮಸಭೆಯೂ ಕಿವುಡರ ಮಾತಿಗೆ ಕಣ್ಣು ಕೊಡಲು ಬಹುಕಾಲ ತೆಗೆದುಕೊಂಡಿತೆಂದೇ ಹೇಳಬೇಕು. 2009ರ ನವೆಂಬರಿನಲ್ಲಿ ವ್ಯಾಟಿಕನ್ನಿನಲ್ಲಿ, ಯೇಸುಸ್ವಾಮಿಯು ಕಿವುಡನಿಗೆ ನುಡಿದ 'ಎಫ್ಫಥಾ' ಎಂಬ ಶಬ್ದವನ್ನೇ ಹೆಸರಾಗಿಟ್ಟುಕೊಂಡು, ಧರ್ಮಸಭೆಯ ಬಾಳಿನಲ್ಲಿ ಕಿವುಡರ ಸ್ಥಾನವನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನವು ನಡೆಯಿತು. 2024ರ ಮೇ ತಿಂಗಳಲ್ಲಿ ಕೇರಳದ ತ್ರಿಶ್ಶೂರಿನಲ್ಲಿ ಕಿವುಡ ಯುವಕರೊಬ್ಬರು ಯಾಜಕದೀಕ್ಷೆಯನ್ನು ಪಡೆದರು. ಭಾರತದಲ್ಲಿ ಹೀಗೆ ದೀಕ್ಷೆ ಪಡೆದ ಮೊದಲ ಕಿವುಡರು ಅವರೆಂದು ಪತ್ರಿಕೆಗಳು ಬರೆದವು. ಬಲಿಪೂಜೆಯ ಪ್ರಾರ್ಥನೆಗಳನ್ನು ಅವರು ಕೈಗಳಿಂದ ನುಡಿದರು. ಸನ್ನೆಯನ್ನು ಅರಿಯದ ಭಕ್ತರಿಗಾಗಿ ಇನ್ನೊಬ್ಬರು ಅದನ್ನು ಬಾಯಿಮಾತಿಗೆ ಅನುವಾದಿಸಬೇಕಾಯಿತು.